ಮದ್ದು ಎಂದು ಬರೆದಿದ್ದ ಡಬ್ಬಗಳು

ಆ ಬೆಳಿಗ್ಗೆ ಬಿಸಿಲಿತ್ತು ಎಂದು ನನಗೆ ನೆನಪು. ಯಾರ್ಡಿನಲ್ಲಿ ಸ್ಟ್ಯಾಕರ್ ಯಂತ್ರ ಓಡಿಸುತ್ತಿದ್ದವನನ್ನು ಕೇಳಿದರೆ ತುಂತುರು ಮಳೆ ಇತ್ತು ಎನ್ನುತ್ತಾನೆ. ನನ್ನ ದಿನಚರಿಯಲ್ಲಿ ಆ ವಾರ "ತಲೆನೋವು", "ಮೂರನೇ ಕೀಲಿ ಇನ್ನೂ ಇಲ್ಲ" ಎಂಬಂಥ ತುಂಡು ಮಾತುಗಳ ಹೊರತು ಏನೂ ಇಲ್ಲ. ಇದು ಆಮೇಲೆ ಹಲವರಿಗೆ ನಾನು ಹೇಳಿದ ಕಥೆ. ಹೇಳಿದಂತೆಲ್ಲ ಅದರೊಳಗೆ ನಾನು ಸ್ವಲ್ಪ ಸ್ವಲ್ಪವೇ ಜಾಣೆಯಾಗುತ್ತ ಹೋಗಿದ್ದೇನೆ ಎಂಬ ಅನುಮಾನ ನನಗಿದೆ. ಆದ್ದರಿಂದ ಖಾತ್ರಿ ಇಲ್ಲದ ಕಡೆ ಇಲ್ಲ ಎಂದೇ ಬರೆಯುತ್ತೇನೆ.

ಸೋಮನಹಳ್ಳಿಯ ಹತ್ತಿರ, ಹೆದ್ದಾರಿಯಿಂದ ಸ್ವಲ್ಪ ಒಳಗೆ, ನಮ್ಮ ಕಂಪನಿಯ ಯಾರ್ಡ್ ಇತ್ತು. ಹಡಗು ಹತ್ತಬೇಕಾದ ಸರಕನ್ನು ಇಲ್ಲೇ ಕಂಟೈನರಿಗೆ ತುಂಬಿ, ಸೀಲು ಹಾಕಿ, ಲಾರಿಯ ಮೇಲೆ ಚೆನ್ನೈಗೆ ಕಳಿಸುವ ಜಾಗ. ಕಾಗದದಲ್ಲಿ ಅದರ ಹೆಸರು ಒಣ ಬಂದರು. ಮೊದಲ ಸಲ ಮದ್ದೂರಿನಿಂದ ಆಟೋದಲ್ಲಿ ಹೊರಟಾಗ ಡ್ರೈವರ್ "ಅಲ್ಲೇನೈತೆ ಮೇಡಮ್?" ಎಂದು ಕೇಳಿದ್ದ. "ಬಂದರು" ಎಂದೆ. "ಯಾರು ಬಂದ್ರು?" ಎಂದು ಹಿಂದೆ ತಿರುಗಿ ನೋಡಿದ. ಸುತ್ತಲಿನವರಿಗೆ ಅದು ಡಬ್ಬದ ಯಾರ್ಡು. ಕಂಟೈನರ್ ಎಂದರೆ ಡಬ್ಬ. ನಾನೂ ಬೇಗನೆ ಹಾಗೆಯೇ ಹೇಳತೊಡಗಿದೆ.

ಕೊರೊನಾ ಬಂದಾಗ ಆಡಳಿತ ಆ ಯಾರ್ಡನ್ನು "ಯುದ್ಧೋಪಾದಿಯಲ್ಲಿ" ವಶಕ್ಕೆ ತೆಗೆದುಕೊಂಡಿತು. ಆದೇಶದಲ್ಲಿದ್ದ ಪದವೇ ಅದು. ಎರಡು ದೊಡ್ಡ ಶೆಡ್ಡುಗಳಲ್ಲಿ ಹೊರಗಿನಿಂದ ಊರಿಗೆ ಮರಳಿದವರನ್ನು ಪ್ರತ್ಯೇಕವಾಗಿ ಇಟ್ಟರು. ನಮ್ಮ ಕಚೇರಿ ಕಂಟ್ರೋಲ್ ರೂಮಾಯಿತು. ಖಾಲಿ ಡಬ್ಬಗಳಲ್ಲಿ ಔಷಧಿ, ಮಾಸ್ಕು, ಕೈಗವಸುಗಳನ್ನು ತುಂಬಿದರು. ಚೆನ್ನೈಗೆ ಹೊರಡಲು ಸಿದ್ಧವಾಗಿದ್ದ ಅಕ್ಕಿಯ ಡಬ್ಬಗಳು ಇದ್ದಲ್ಲೇ ನಿಂತವು. ನಮ್ಮವರನ್ನೆಲ್ಲ ಮನೆಗೆ ಕಳಿಸಿದರು, ಒಬ್ಬರನ್ನು ಬಿಟ್ಟು.

ಉಳಿದವರು ನನ್ನ ಚಿಕ್ಕಪ್ಪ. ಯಾರ್ಡಿನ ಗೇಟ್ ಸೂಪರ್‌ವೈಸರ್. ಮಳವಳ್ಳಿ ಕಡೆಯ ಕಿರುಗಾವಲಿನಲ್ಲಿ ಅವರ ಮನೆ. ಬಸ್ಸು ನಿಂತುಹೋಗಿದ್ದರಿಂದ ಅವರು ಯಾರ್ಡಿನಲ್ಲೇ ಉಳಿದರು. ದಿನಾ ಸಂಜೆ ಚಿಕ್ಕಮ್ಮನಿಗೆ ಫೋನ್ ಮಾಡುತ್ತಿದ್ದರು. "ಇಲ್ಯಾರೋ ಒತ್ತಾರೆಯಿಂದ ಬೆಳ್ಳುಳ್ಳಿ ಉರೀತಾ ಕೂತವ್ರೆ ಕಣೆ, ಅದೇ ನಾತ" ಎಂದು ಒಮ್ಮೆ ಹೇಳಿದರಂತೆ. ಊರಿಗೆಲ್ಲ ವಾಸನೆ ಹೋಗುವ ಕಾಯಿಲೆ ಬಂದರೆ ಇವರಿಗೆ ಇಲ್ಲದ ವಾಸನೆ ಬರುತ್ತದಲ್ಲ ಎಂದು ಮನೆಯಲ್ಲಿ ನಾವೆಲ್ಲ ನಕ್ಕಿದ್ದೆವು. ಕೊನೆಗೆ ಯಾರದೋ ಗೂಡ್ಸ್ ಆಟೋ ಹಿಡಿದು ಮನೆಗೆ ಬಂದಾಗ ಅವರಿಗೆ ಏದುಸಿರು, ಕೈ ನಡುಕ. ಪರೀಕ್ಷೆಯಲ್ಲಿ ಕೊರೊನಾ ಇಲ್ಲ ಎಂದು ಬಂತು. "ಟೆಸ್ಟಲ್ಲಿ ಸಿಕ್ಕಿಲ್ಲ ಅಷ್ಟೆಯಾ, ಇದು ಅದೇಯ" ಎಂದರು ಚಿಕ್ಕಮ್ಮ. ನಾವೆಲ್ಲ ಒಪ್ಪಿಕೊಂಡೆವು. ಚಿಕ್ಕಪ್ಪ ಮತ್ತೆ ಕೆಲಸಕ್ಕೆ ಹೋಗಲಿಲ್ಲ.

ವಶಕ್ಕೆ ತೆಗೆದುಕೊಳ್ಳುವಾಗ ಯುದ್ಧೋಪಾದಿ ಇತ್ತು. ಬಿಟ್ಟುಕೊಡುವಾಗ ಯಾವ ಉಪಾದಿಯೂ ಇರಲಿಲ್ಲ. ಯಾರ್ಡ್ ವಾಪಸ್ಸಾಗಿದೆ ಎಂಬ ಒಂದು ಸಾಲು ಬಂತು. ಮಂಡ್ಯದ ಕಚೇರಿಯಲ್ಲಿ ಸಾಗಣೆಯ ಕಾಗದ ನೋಡುತ್ತ ಕೂತಿದ್ದ ನನ್ನನ್ನು, ಹೋಗಿ ಅದನ್ನು ಮತ್ತೆ ನಡೆಯುವಂತೆ ಮಾಡು ಎಂದು ಕಳಿಸಿದರು. ನಾನು ಓದಿದ್ದು ಅರ್ಥಶಾಸ್ತ್ರ. ಬಂದರುಗಳ ಮೇಲೆ ಪ್ರಬಂಧ ಬರೆದಿದ್ದೆ. ಗೇಟಿನ ಮುಂದೆ ನಿಂತಾಗ ಅದರಲ್ಲಿನ ಒಂದು ವಾಕ್ಯವೂ ನೆನಪಾಗಲಿಲ್ಲ.

ಗೇಟಿಗೆ ಮೂರು ಬೀಗಗಳಿದ್ದವು. ಒಂದು ನಮ್ಮದು, ಒಂದು ಕಂದಾಯದವರದು, ಇನ್ನೊಂದು ಪೊಲೀಸಿನವರದು. ಎರಡು ಕೀಲಿ ಸಿಕ್ಕವು. ಮೂರನೆಯದನ್ನು ಇಟ್ಟುಕೊಂಡಿದ್ದ ಪೇದೆಗೆ ವರ್ಗವಾಗಿತ್ತು. ಬೀಗ ಒಡೆಯಬೇಕಾದರೆ ಲಿಖಿತ ಅನುಮತಿ ಬೇಕು, ಅನುಮತಿ ಕೊಡಬೇಕಾದವರು ಕೀಲಿ ಹುಡುಕಿ ಎನ್ನುತ್ತಿದ್ದರು. ಅಷ್ಟೂ ದಿನ ನಾನು ಪಕ್ಕದ ಚಿಕ್ಕ ಬಾಗಿಲಿನಿಂದ ಬಗ್ಗಿಕೊಂಡು ಒಳಗೆ ಹೋಗಿಬಂದೆ.

ಒಳಗೆ ಮೊದಲು ಮಾಡಿದ ಕೆಲಸ ಸಾಲುಗಳನ್ನು ಮತ್ತೆ ಗುರುತಿಸುವುದು. ಯಾರ್ಡಿನಲ್ಲಿ ಯಾವ ಡಬ್ಬ ಎಲ್ಲಿದೆ ಎಂಬುದು ಗೊತ್ತಿದ್ದರೆ ಅರ್ಧ ಆಡಳಿತ ಮುಗಿದಂತೆ. ಗೊತ್ತಿಲ್ಲದಿದ್ದರೆ ಮೇಲಿನದನ್ನು ಇಳಿಸಿ, ಕೆಳಗಿನದನ್ನು ಎಳೆದು, ಮತ್ತೆ ಏರಿಸುವುದರಲ್ಲೇ ದಿನ ಹೋಗುತ್ತದೆ. ನೆಲದ ಮೇಲಿನ ಹಳದಿ ಗೆರೆಗಳು ಅಳಿಸಿದ್ದವು. ಜಾಗ ಮಾಡಿಕೊಳ್ಳಲು ಡಬ್ಬಗಳನ್ನು ಮನಸ್ಸಿಗೆ ಬಂದ ಕಡೆ ಸರಿಸಿದ್ದರು. ಕಂಟ್ರೋಲ್ ರೂಮು ಮಾಡುವಾಗ ನಮ್ಮ ಕಂಪ್ಯೂಟರುಗಳನ್ನು ಗೋಣಿಚೀಲದಲ್ಲಿ ಕಟ್ಟಿ ವರಾಂಡದಲ್ಲಿಟ್ಟಿದ್ದರು. ಮಳೆ ನೀರು ಇಳಿದು ಅವು ಕೆಟ್ಟಿದ್ದವು. ಡಬ್ಬದ ಮೈಮೇಲೆ ನಂಬರು ಇತ್ತು, ಆ ನಂಬರಿನ ಡಬ್ಬದೊಳಗೆ ಏನಿದೆ ಎನ್ನುವ ದಾಖಲೆ ನಮ್ಮಲ್ಲಿ ಉಳಿದಿರಲಿಲ್ಲ. ಚೆನ್ನೈನ ಹಡಗು ಕಂಪನಿಯನ್ನು ಕೇಳಿದೆ. ಅಲ್ಲಿ ಅರ್ಧ ಜನ ಇನ್ನೂ ಕಚೇರಿಗೆ ಬರುತ್ತಿರಲಿಲ್ಲ. "ಕಳಿಸ್ತೀವಿ" ಎಂದರು.

ಹಳೆಯ ಕೆಲಸಗಾರರನ್ನು ಒಬ್ಬೊಬ್ಬರನ್ನಾಗಿ ಕರೆಸಿದೆ. ಡಬ್ಬಗಳನ್ನು ಎತ್ತಿ ಜೋಡಿಸುವ ಸ್ಟ್ಯಾಕರಿನ ಡ್ರೈವರ್ ಬಂದ. ತುಂಬುವ-ಇಳಿಸುವ ಹೆಂಗಸರ ಗುಂಪೂ ಬಂತು. ಅವರಿಗೆ ಒಬ್ಬ ಮುಂದಾಳು, ಸೋಮನಹಳ್ಳಿಯವಳು. ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು, ಅವಳಿಗಿಂತ ದೊಡ್ಡವರೂ. ಡಬ್ಬದ ಬಾಗಿಲು ತೆಗೆದಾಗ ಮೊದಲು ಒಳಗೆ ಕಾಲಿಡುವುದು ತಾನೇ ಎಂಬುದು ಅವಳು ತನಗೆ ತಾನೇ ಕೊಟ್ಟುಕೊಂಡ ಹಕ್ಕು. ಮೂಗಿಗೆ ಸೆರಗು ಕಟ್ಟಿ, ಕಬ್ಬಿಣದ ಸರಳು ಹಿಡಿದು, "ಬುಡಿ, ನಾನು ಓಯ್ತೀನಿ" ಎಂದು ನುಗ್ಗುತ್ತಿದ್ದಳು. ಹಾವು, ಕಡಜ, ಜಾರಿ ಬೀಳುವ ಮೂಟೆ ಯಾವುದಕ್ಕೂ ಹೆದರುತ್ತಿರಲಿಲ್ಲ.

ಹಿಂಬದಿಯ ಕಾಂಪೌಂಡಿಗೆ ಒತ್ತಿಕೊಂಡಿದ್ದ ಐದನೇ ಸಾಲಿನ ಡಬ್ಬಗಳ ಬಾಗಿಲ ಮೇಲೆ ಬಿಳಿ ಬಣ್ಣದಲ್ಲಿ ದೊಡ್ಡದಾಗಿ "ಮದ್ದು" ಎಂದು ಬರೆದಿತ್ತು. ಕೆಲವು ಅಕ್ಷರ ದಪ್ಪ, ಕೆಲವು ಸಣ್ಣ. ಆರೋಗ್ಯ ಇಲಾಖೆಯ ಔಷಧಿ ಇರುವ ಡಬ್ಬಗಳು ಯಾವುವು ಎಂಬ ಪ್ರಶ್ನೆಯೇ ಏಳಲಿಲ್ಲ, ಬರೆದೇ ಇತ್ತಲ್ಲ. ಔಷಧಿ ವಾಪಸ್ ಒಯ್ಯಬೇಕಿದ್ದ ಅಧಿಕಾರಿ ದಿನಾ ಫೋನ್ ಮಾಡುತ್ತಿದ್ದರು. "ಅವಧಿ ಮುಗೀತಿದೆ ಮೇಡಂ, ಆಸ್ಪತ್ರೇಲಿ ಜನ ಕಾಯ್ತಿದ್ದಾರೆ." ಅವರು ಹೇಳಿದ್ದು ಸುಳ್ಳಲ್ಲ. ಅವರ ಪಟ್ಟಿಯಲ್ಲಿ ಡಬ್ಬದ ನಂಬರು ಇರಲಿಲ್ಲ. "ಮದ್ದಿನ ಸಾಲು" ಎಂದಷ್ಟೇ ಇತ್ತು.

ಆದರೂ ಒಮ್ಮೆ ಚಿಕ್ಕಪ್ಪನನ್ನು ಕೇಳಿಬಿಡೋಣ ಎನಿಸಿತು. ಫೋನ್ ಮಾಡಿದೆ. ಎತ್ತಿಕೊಂಡು ಸ್ವಲ್ಪ ಹೊತ್ತು ಉಸಿರು ಸರಿಮಾಡಿಕೊಂಡರು.

"ಚಿಕ್ಕಪ್ಪ, ಐದನೇ ಸಾಲಿನಲ್ಲಿ ಮದ್ದು ಅಂತ ಬರೆದಿರೋದು ಯಾರು?"

"ನಾನೇ ಕಣವ್ವ. ಆಮೇಲೆ ಅವರೂ ಬರ್ಕೊಂಡ್ರು."

"ಒಳಗೇನಿದೆ?"

"ಮಾತ್ರೆ ಮಡಗವ್ರೆ."

ಅಲ್ಲಿಗೆ ಕೆಮ್ಮು ಶುರುವಾಯಿತು. ಚಿಕ್ಕಮ್ಮ ಫೋನ್ ಕಿತ್ತುಕೊಂಡು, "ಅವರ್ನ ಮಾತಾಡುಸ್ಬೇಡ ಕಣೆ, ಆಮೇಲೆ ರಾತ್ರಿಯೆಲ್ಲ ನಂಗೆ ನಿದ್ದೆ ಇರಕಿಲ್ಲ" ಎಂದರು. ನನಗೆ ಬೇಕಾದ ಉತ್ತರ ಸಿಕ್ಕಿತ್ತು. ಮದ್ದು ಎಂದರೆ ಮಾತ್ರೆ, ಮಾತ್ರೆ ಎಂದರೆ ಔಷಧಿ. ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ ಎಂದು ಈಗ ಬರೆಯಬಹುದು, ಆದರೆ ಅದು ಆಮೇಲೆ ಸೇರಿಸಿಕೊಂಡಿದ್ದೇ ಇರಬೇಕು.

ಮೂರನೇ ಬೀಗವನ್ನು ಕಡೆಗೂ ಕತ್ತರಿಸಿದರು. ಯಾರ್ಡಿನ ಮಾಲೀಕರು ಒಳ್ಳೆಯ ದಿನ ನೋಡಿಸಿದರು. ಬೆಳಿಗ್ಗೆ ಗೇಟಿಗೆ ಪೂಜೆ, ಆಮೇಲೆ ಐದನೇ ಸಾಲು ತೆರೆದು ಔಷಧಿ ಹೊರಗೆ, ರಾಹುಕಾಲಕ್ಕೆ ಮೊದಲು ಮೊದಲ ಲಾರಿ ಚೆನ್ನೈಗೆ. ಪುರೋಹಿತರು ಲಾರಿ ತೂಗುವ ವೇಬ್ರಿಜ್ಜಿಗೂ ಕುಂಕುಮ ಹಚ್ಚಿದರು. ಆರೋಗ್ಯ ಇಲಾಖೆಯ ವ್ಯಾನು, ಅಧಿಕಾರಿ, ಎರಡು ಖಾಲಿ ಲಾರಿ, ಎಲ್ಲ ಬಂದು ನಿಂತಿದ್ದವು. ಸ್ಟ್ಯಾಕರ್ ಮೇಲಿನ ಸಾಲಿನ ಡಬ್ಬಗಳನ್ನು ಇಳಿಸಿಟ್ಟಿತ್ತು. ತೆರೆಯುವ ಮೊದಲು ಎಲ್ಲರೂ ಟೀ ಕುಡಿಯಲು ನಿಂತರು.

ಸ್ಟ್ಯಾಕರ್ ಡ್ರೈವರಿಗೆ ಹೊಸದಾಗಿ ಮದುವೆಯಾಗಿತ್ತು. ಟೀ ಲೋಟ ಹಿಡಿದುಕೊಂಡೇ ಹೆಂಡತಿಗೆ ಫೋನ್ ಮಾಡಿ ಪೂಜೆಯಾಯಿತೆಂದು ವರದಿ ಒಪ್ಪಿಸುತ್ತಿದ್ದ. ಅಕ್ಕ ಕಾದು ಕೂತಿದ್ದಳು.

"ಏನ್ಲಾ, ಟೀ ಕುಡುದ್ರೂ ಯೋಳ್ಬೇಕಾ? ನಿನ್ನೆಂಡ್ತಿ ಚೆನ್ನಾಗಿ ಮದ್ದಾಕವ್ಳೆ ಕಣ್ಲಾ ನಿಂಗೆ."

ಹೆಂಗಸರೆಲ್ಲ ಗೊಳ್ಳೆಂದರು. ಅವನು ಫೋನಿನ ಬಾಯಿ ಮುಚ್ಚಿಕೊಂಡು, "ಮದ್ದಾಕಕ್ಕೆ ನಾನೇನ್ ಅಕ್ಕಿ ಮೂಟೇನಾ? ಸುಮ್ಕಿರಕ್ಕ ನೀನೊಬ್ಳು" ಎಂದ.

ನಾನೂ ನಕ್ಕೆ. ನಕ್ಕಿದ್ದು ಚೆನ್ನಾಗಿ ನೆನಪಿದೆ, ಯಾಕೆಂದರೆ ನಗು ಅರ್ಧಕ್ಕೆ ನಿಂತದ್ದು ಅದಕ್ಕಿಂತ ಚೆನ್ನಾಗಿ ನೆನಪಿದೆ. ಗಂಡನನ್ನು ವಶ ಮಾಡಿಕೊಳ್ಳಲು ಹಾಕುವುದೂ ಮದ್ದೇ. ಹುಳ ಬೀಳದಿರಲಿ ಎಂದು ಮೂಟೆಗಳ ನಡುವೆ ಇಡುವುದೂ ಮದ್ದೇ. ನಮ್ಮಮ್ಮ ಡಬ್ಬಿ ಅಕ್ಕಿಗೆ ಬೇವಿನ ಎಲೆ ಹಾಕುತ್ತಿದ್ದರು. ಗೋದಾಮಿನವರು ಮಾತ್ರೆ ಇಡುತ್ತಾರೆ. ಮಾತ್ರೆ ಮಡಗವ್ರೆ, ಎಂದಿದ್ದರು ಚಿಕ್ಕಪ್ಪ. ಆ ಮಾತ್ರೆ ಗಾಳಿಯ ತೇವ ಕುಡಿದು ಬಿಡುವ ಅನಿಲ ಹುಳವನ್ನೂ ಕೊಲ್ಲುತ್ತದೆ, ಬಾಗಿಲು ತೆಗೆದು ಒಳಗೆ ಹೋದವರನ್ನೂ ಕೊಲ್ಲುತ್ತದೆ. ಹಡಗಿಗೆ ಹೋಗುವ ಅಕ್ಕಿಗೆ ಸೀಲು ಹಾಕುವ ಮೊದಲು ಇದನ್ನು ಇಡುತ್ತಾರೆಂದು ನಾನು ಕಾಗದದಲ್ಲಿ ಎಷ್ಟು ಸಲ ಓದಿದ್ದೆ! ಅಲ್ಲಿ ಅದಕ್ಕೆ ಬೇರೆ ಹೆಸರಿತ್ತು.

ಐದನೇ ಸಾಲಿಗೆ ನಡೆದೆ. ಓಡಲಿಲ್ಲ, ಓಡಿದರೆ ಎಲ್ಲರೂ ಹಿಂದೆ ಬರುತ್ತಾರೆ ಎಂಬ ಭಯ. ಡಬ್ಬದ ಮೇಲಿನ ಮೂಲೆಯಲ್ಲಿ ಗಾಳಿ ಆಡಲು ಸಣ್ಣ ಕಿಂಡಿಗಳಿರುತ್ತವೆ. ಮಾತ್ರೆ ಇಟ್ಟರೆ ಅವನ್ನು ಟೇಪು ಅಂಟಿಸಿ ಮುಚ್ಚಬೇಕು. ಮೊದಲ ಡಬ್ಬದ ಕಿಂಡಿ ತೆರೆದಿತ್ತು. ಎರಡನೆಯದೂ ತೆರೆದಿತ್ತು. ಮೂರನೆಯದರ ಮೇಲೆ ಕಂದು ಬಣ್ಣದ ಟೇಪಿನ ಚೂರೊಂದು ಒಣಗಿ ಸುರುಳಿಯಾಗಿ ನೇತಾಡುತ್ತಿತ್ತು. ಬಾಗಿಲ ಮೇಲೆ, ಬಿಳಿ ಅಕ್ಷರದ ಅಡಿಯಲ್ಲಿ, ಯಾವುದೋ ಚೀಟಿ ಕಿತ್ತುಹೋದ ಚೌಕಾಕಾರದ ಗುರುತು. ಆಗ ಅರ್ಥವಾಯಿತು. ಎಚ್ಚರಿಕೆಯ ಚೀಟಿಗಳು ಬಿಸಿಲಿಗೆ ಉದುರಿದಾಗ ಚಿಕ್ಕಪ್ಪ ಯಾರೂ ಹತ್ತಿರ ಹೋಗದಿರಲಿ ಎಂದು ಬಣ್ಣದಲ್ಲಿ "ಮದ್ದು" ಎಂದು ಬರೆದಿದ್ದಾರೆ. ಅದನ್ನು ಓದಿದ ಆರೋಗ್ಯ ಇಲಾಖೆಯವರು, ಓಹೋ ಔಷಧಿ ಇಡುವ ಸಾಲು ಇದೇ ಎಂದುಕೊಂಡು ತಮ್ಮ ಡಬ್ಬಗಳನ್ನೂ ತಂದು ಅದೇ ಸಾಲಿನಲ್ಲಿ ನಿಲ್ಲಿಸಿ, ಅವುಗಳ ಮೇಲೂ "ಮದ್ದು" ಎಂದು ಬರೆದಿದ್ದಾರೆ. ದಪ್ಪ ಅಕ್ಷರ ಒಬ್ಬರದು, ಸಣ್ಣದು ಇನ್ನೊಬ್ಬರದು, ಸೀಲು ಮಾತ್ರ ಎರಡಕ್ಕೂ ಇದೆ. ಯಾವುದು ಯಾರದು?

ತಿರುಗಿ ನೋಡಿದರೆ ಅಕ್ಕ ಆಗಲೇ ಸೆರಗು ಮೂಗಿಗೆ ಕಟ್ಟಿಕೊಂಡು ಸಾಲಿನ ಆ ಕೊನೆಯಲ್ಲಿ ನಿಂತಿದ್ದಳು. ಬಾಗಿಲ ಸರಳಿಗೆ ಕೈ ಹಾಕಿದ್ದಳು.

"ಬಿಡಿ ಅಕ್ಕ! ಕೈ ಬಿಡಿ, ಈಚೆ ಬನ್ನಿ!"

"ಯಾಕಮ್ಮ, ಆವೈತಾ?"

"ಹಾವಲ್ಲ. ಬನ್ನಿ."

ಬಂದಳು. ಗೊಣಗುತ್ತಲೇ ಬಂದಳು.

ಆಮೇಲಿನದು ಉದ್ದದ ಜಗಳ. ಟೇಪು ಇಲ್ಲದ್ದನ್ನಾದರೂ ತೆರೆಯಿರಿ ಎಂದರು ಅಧಿಕಾರಿ. ಟೇಪು ಉದುರಿಹೋಗಿರಬಹುದಲ್ಲ ಎಂದೆ. ಇಷ್ಟು ತಿಂಗಳಾಗಿದೆ, ಎಲ್ಲ ಆವಿಯಾಗಿ ಹೋಗಿರುತ್ತೆ ಎಂದರು. ಹೋಗಿರಬಹುದು ಎಂದೆ. "ಒಳಗಿರೋ ಔಷಧಿಗೆ ಯಾರು ಜವಾಬ್ದಾರಿ? ಒಬ್ಬರಿಗೆ ಹೆಚ್ಚುಕಮ್ಮಿ ಆದರೆ ನಿಮ್ಮ ಹೆಸರು ಹೇಳಲಾ?" ಮಾಲೀಕರು ಫೋನಿನಲ್ಲಿ, "ಬಾಗಿಲು ತೆಗೆದು ಒಂದು ಗಂಟೆ ಬಿಡಮ್ಮ, ಗಾಳಿ ಆಡುತ್ತೆ, ರಾಹುಕಾಲದೊಳಗೆ ಒಂದು ಲಾರಿಯಾದರೂ ಹೊರಡಲಿ" ಎಂದರು. ಬಾಗಿಲು ತೆಗೆಯುವುದು ಯಾರು ಎಂದು ಕೇಳಿದೆ.

ಉತ್ತರ ಕೊಟ್ಟವಳು ಅಕ್ಕ. "ನಾನ್ ತಗೀತೀನಿ ಬುಡಿ ಮೇಡಮ್. ಉಸ್ರು ಕಟ್ಕೊಂಡು ತಗುದ್ ಬುಟ್ಟು ಓಡ್ ಬತ್ತೀನಿ. ಎಷ್ಟ್ ಡಬ್ಬ ತಗ್ದಿಲ್ಲ ನಾನು?" ಕೆಲಸ ನಿಂತರೆ ಅವಳ ಗುಂಪಿಗೆ ಆ ದಿನದ ಕೂಲಿ ಇಲ್ಲ, ಅವಳ ಆತುರ ನನಗೆ ಗೊತ್ತಿತ್ತು.

"ಕೂಲಿ ಇದೆ. ಕೂತ್ಕೊಳ್ಳಿ."

"ಕೂತ್ಕಂಡ್ರೆ ಕೂಲಿಯಾ? ಎಂಗಾರ ಆಗ್ಲಿ, ದಿನಾ ಇಂಗೇ ಎದ್ರುಸಿ ಮೇಡಮ್."

ಐದನೇ ಸಾಲಿಗೆ ಅಡ್ಡ ಹಗ್ಗ ಕಟ್ಟಿಸಿದೆ. ಗಾಳಿ ಬರುವ ದಿಕ್ಕಿಗೆ ಎಲ್ಲರನ್ನೂ ಕಳಿಸಿದೆ. ಗೇಟು ಮತ್ತೆ ಹಾಕಿಸಿದೆ. ಲಾರಿಗಳು ಖಾಲಿ ವಾಪಸ್ ಹೋದವು. ಆರೋಗ್ಯ ಇಲಾಖೆಯ ವ್ಯಾನು ಹೊರಟಾಗ ಅಧಿಕಾರಿ ನನ್ನತ್ತ ನೋಡಲಿಲ್ಲ. ಅನಿಲ ಅಳೆಯುವವರನ್ನು ಬೆಂಗಳೂರಿನಿಂದ ಕರೆಸಲು ಅವತ್ತು ಆಗಲಿಲ್ಲ, ಮಾರನೆಯ ದಿನವೂ ಆಗಲಿಲ್ಲ. ಆ ದಿನಗಳಲ್ಲಿ ಮಂಡ್ಯದಿಂದ ಬರುವ ರೈಲಿನಲ್ಲಿ ಕೂತು ನಾನು ಯೋಚಿಸಿದ್ದು ಒಂದೇ: ಎಲ್ಲದರೊಳಗೂ ಬರೀ ಕೈಗವಸು, ಮಾಸ್ಕು ಇದ್ದುಬಿಟ್ಟರೆ? ಒಂದು ತಮಾಷೆ ಮಾತು ಕೇಳಿ ಬಂದರು ನಿಲ್ಲಿಸಿದವಳು ಎಂದು ಹೆಸರಾಗುತ್ತದೆ. ಹಾಗೇ ಆಗಲಿ ಎಂದು ಒಂದು ಗಳಿಗೆ, ಹಾಗಾಗದಿರಲಿ ಎಂದು ಇನ್ನೊಂದು ಗಳಿಗೆ. ಎರಡನೆಯದನ್ನು ಬಯಸಿದಾಗ ನಾನು ನಿಜವಾಗಿ ಏನನ್ನು ಬಯಸುತ್ತಿದ್ದೇನೆಂದು ಹೊಳೆದು ಮುಜುಗರವಾಗುತ್ತಿತ್ತು.

ಅಳೆಯುವವನು ಬಂದ. ಮುಖವಾಡ ಹಾಕಿಕೊಂಡು, ಬಾಗಿಲಿನ ರಬ್ಬರಿನ ಸಂದಿಯಲ್ಲಿ ತೆಳು ನಳಿಗೆ ತೂರಿಸಿ, ಕೈಯಲ್ಲಿನ ಯಂತ್ರ ನೋಡುತ್ತ ಒಂದೊಂದನ್ನೇ ದಾಟಿದ. ಮೊದಲಿನವು ಸುಮ್ಮನಿದ್ದವು. ಆಮೇಲೆ ಯಂತ್ರ ಕಿರುಚಿಕೊಂಡಿತು. ಇನ್ನೂ ಸ್ವಲ್ಪ ದೂರ ಹೋಗಿ ಮತ್ತೆ ಕಿರುಚಿಕೊಂಡಿತು. ಅಕ್ಕ ಸರಳಿಗೆ ಕೈ ಹಾಕಿದ್ದ ಡಬ್ಬ ಅವುಗಳಲ್ಲಿ ಒಂದು ಎಂದು ನಾನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಪ್ರಾಮಾಣಿಕವಾಗಿ ಹೇಳಬೇಕೆಂದರೆ ಅದೇನಾ, ಅದರ ಪಕ್ಕದ್ದಾ ಎಂದು ನನಗೆ ಖಾತ್ರಿ ಇಲ್ಲ. ಅಕ್ಕನಿಗೆ ಖಾತ್ರಿ ಇದೆ. "ಅದೇ ಕಣಮ್ಮ, ತುಕ್ಕು ಇಡ್ದಿತ್ತಲ್ಲ ಅದು" ಎನ್ನುತ್ತಾಳೆ.

"ಅಕ್ಕಿ ಚೆನ್ನಾಗಿ ಒಣಗಿದ್ದರಿಂದ ಮಾತ್ರೆ ಪೂರ್ತಿ ಕರಗಿಲ್ಲ" ಎಂದು ಅವನು ವಿವರಿಸಿದ. "ಮಳೆಗಾಲದ ತೇವಕ್ಕೆ ಸ್ವಲ್ಪ ಸ್ವಲ್ಪವೇ ಬಿಡ್ತಾ ಇದೆ. ತೆಗೆದ ಮೇಲೂ ಜಾಗ್ರತೆ. ಬೆಳ್ಳುಳ್ಳಿ ಹುರಿದ ಹಾಗೆ ವಾಸನೆ ಬಂದರೆ ನಿಂತು ನೋಡಬೇಡಿ, ಓಡಿ."

ನಾನು ಬರೆದುಕೊಳ್ಳುತ್ತಿದ್ದೆ. ಬೆಳ್ಳುಳ್ಳಿ ಎಂದು ಬರೆದು ಮುಂದಿನ ಸಾಲಿಗೆ ಹೋದೆ. ಆ ಕ್ಷಣ ಅದು ನನಗೆ ಏನನ್ನೂ ಹೇಳಲಿಲ್ಲ.

ಗಾಳಿ ಆಡಿಸಲು ದಿನಗಳು ಬೇಕಾದವು. ಮತ್ತೆ ಅಳೆದ ಮೇಲೆ ಔಷಧಿಯ ಡಬ್ಬಗಳು ಮೊದಲು ಖಾಲಿಯಾದವು, ಆಮೇಲೆ ಅಕ್ಕಿಯವು. ಕೆಲಸ ಓಡಲು ಶುರುವಾಯಿತು. ಬಾಗಿಲ ಮೇಲೆ ಒಂದೇ ಪದ ಬರೆಯಬಾರದು ಎಂದು ನಿಯಮ ಮಾಡಿದೆ. ಏನು, ಯಾರದು, ತೆರೆಯಬಹುದೇ, ಮೂರೂ ಕನ್ನಡದಲ್ಲಿ ಇರಬೇಕು. ಮಾತ್ರೆ ಇಟ್ಟಿದ್ದರೆ "ಒಳಗೆ ವಿಷಗಾಳಿ" ಎಂದು ಬರೆಯಬೇಕು. "ಮದ್ದು ಅನ್ನಂಗೇ ಇಲ್ವಾ ಇನ್ಮೇಲೆ?" ಎಂದು ಅಕ್ಕ ಡ್ರೈವರಿನ ಕಡೆ ನೋಡಿ ಕೇಳಿದಳು. "ಮನೇಲಿ ಅನ್ಬೌದು" ಎಂದ ಅವನು.

ಐದನೇ ಸಾಲಿನ ನಡುವೆ ಏನೂ ಬರೆಯದ ಒಂದು ಡಬ್ಬವಿತ್ತು. ಎರಡೂ ಪಕ್ಕ ಮಾತ್ರೆ ಇಟ್ಟಿದ್ದ ಅಕ್ಕಿಯ ಡಬ್ಬಗಳು. ಬಾಗಿಲಿಗೆ ಸೀಲು ಇರಲಿಲ್ಲ. ಯಂತ್ರ ಸುಮ್ಮನಿದ್ದ ಮೇಲೆ ಅಕ್ಕ ತೆರೆದಳು. ಖಾಲಿ ಎಂದುಕೊಂಡಿದ್ದೆವು. ಚಾಪೆ ಇತ್ತು, ಸುತ್ತಿಟ್ಟ ಕಂಬಳಿ ಇತ್ತು, ನೀರಿನ ಕ್ಯಾನು, ಒಂದು ಸ್ಟೀಲ್ ತಟ್ಟೆ, ಮೂಲೆಯಲ್ಲಿ ಬಿಳಿ ಬಣ್ಣದ ಡಬ್ಬಿ ಮತ್ತು ಬ್ರಷ್ಷು.

"ಯಾರೋ ಸಂಸಾರ ಊಡವ್ರೆ ಇಲ್ಲಿ" ಎಂದಳು ಅಕ್ಕ. ತಟ್ಟೆ ತಿರುಗಿಸಿ ನನಗೆ ಕೊಟ್ಟಳು. ಹಿಂದೆ ಚುಕ್ಕೆ ಚುಕ್ಕೆಯಾಗಿ ಹೆಸರು ಕೊರೆದಿತ್ತು. ನಮ್ಮ ಚಿಕ್ಕಮ್ಮ ಮದುವೆಯಲ್ಲಿ ಬಂದ ಪ್ರತಿ ಪಾತ್ರೆಗೂ ಕೊರೆಸಿದ ಹೆಸರು, ಕೆಳಗೆ ಕಿರುಗಾವಲು.

ಆಗ ಬೆಳ್ಳುಳ್ಳಿ ನೆನಪಾಯಿತು.

ಮುಂದಿನ ಭಾನುವಾರ ಮಂಡ್ಯದಿಂದ ಮಳವಳ್ಳಿಗೆ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಕಿರುಗಾವಲಿಗೆ ಹೋದೆ. ತಟ್ಟೆ ಚೀಲದಲ್ಲಿತ್ತು. ಚಿಕ್ಕಪ್ಪ ಜಗುಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಕಾಫಿಯ ಲೋಟವನ್ನು ಎರಡು ಕೈಯಲ್ಲಿ ಹಿಡಿದಿದ್ದರು, ಆದರೂ ತುಳುಕುತ್ತಿತ್ತು. ಡಾಕ್ಟರಿಗೆ ಈಗ ಕೊರೊನಾ ಅಲ್ಲ, ವಿಷಗಾಳಿ ಎಂದು ಹೇಳಬೇಕಾಗುತ್ತದೆ, ಅದಕ್ಕೆ ನನಗೆ ತಿಳಿಯಬೇಕು ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡಿದ್ದೆ. ಶೆಡ್ಡಿನಲ್ಲಿ ಕಾಯಿಲೆಯವರ ಜೊತೆ ಮಲಗಲು ಹೆದರಿ ಅಲ್ಲಿಗೆ ಹೋದರೇ? ಬಾಗಿಲ ಮೇಲೆ ಊರಿಗೆಲ್ಲ ಎಚ್ಚರಿಕೆ ಬರೆದವರು ಅವರೇ. ಬ್ರಷ್ಷು ಅವರ ತಲೆಯ ಹತ್ತಿರವೇ ಇತ್ತು.

ತಟ್ಟೆ ತೆಗೆದು ಅವರ ಮುಂದಿಟ್ಟೆ. ತಿರುಗಿಸಿ ಹೆಸರಿನ ಮೇಲೆ ಬೆರಳಾಡಿಸಿದರು.

"ನೋಡೇ, ತಟ್ಟೆ ಸಿಕ್ತು" ಎಂದು ಒಳಗೆ ಕೂಗಿದರು. "ಎಷ್ಟ್ ಬಯ್ದಿದ್ದೆ ಇದುಕ್ಕೆ."

ಚಿಕ್ಕಮ್ಮ ಬಂದು ತಟ್ಟೆ ತೊಳೆಯಲು ಒಯ್ಯುವವರೆಗೆ ಕಾದೆ. ಆಮೇಲೆ ಕೇಳಿದೆ.

"ಅಕ್ಕಪಕ್ಕ ಮದ್ದು ಇಟ್ಟಿದ್ದಾರೆ ಅಂತ ಗೊತ್ತಿದ್ದೂ ಅಲ್ಲೇ ಯಾಕೆ ಮಲಗಿದ್ರಿ ಚಿಕ್ಕಪ್ಪ?"